ಜೇಕಿನ ಗೆಡ್ಡೆ

ಟಿ. ನರಸೀಪುರದ ಗದ್ದೆಗಳಲ್ಲಿ ಕಳೆ ಕಿತ್ತವರು ಬಲ್ಲರು: ಗರಿ ಹರಿದರೂ ಗೆಡ್ಡೆಯುಳಿದರೆ ಜೇಕು ಮತ್ತೆ ಚಿಗುರುತ್ತದೆ. ಸ್ತನದ ಕ್ಯಾನ್ಸರಿನಲ್ಲಿಯೂ ಇಂತಹ ಗೆಡ್ಡೆಯುಂಟೆಂದು 2003ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ತೋರಿಸಿದರು. ಗಂಟಿನ ಸಾವಿರಾರು ಸಾಧಾರಣ ಕೋಶಗಳು ಇಲಿಯ ಮೈಯಲ್ಲಿ ಬೇರೂರಲಿಲ್ಲ. ಆರಿಸಿ ತೆಗೆದ ಕೇವಲ 100 ಕೋಶಗಳು ಹೊಸ ಗಂಟನ್ನೇ ಬೆಳೆಸಿದವು. ಇವಕ್ಕೆ ಕ್ಯಾನ್ಸರಿನ ಕಾಂಡಕೋಶಗಳೆಂದು ಹೆಸರು. ಔಷಧಕ್ಕೂ ಸುಲಭವಾಗಿ ಬಗ್ಗುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅನ್ನಪೂರ್ಣಿ ರಂಗರಾಜನ್ ಅವರು ಇವನ್ನೇ ಕುರಿತು ಸಂಶೋಧನೆ ನಡೆಸಿದ್ದಾರೆ. ಹೀಗಿರುವಾಗ, ಗಂಟು ಕರಗಿತೆಂದು ಚಿಕಿತ್ಸೆಯನ್ನು ನಡುವೆ ಬಿಡುವುದು ಗರಿ ಹರಿದು ಮನೆಗೆ ಹೋದಂತಲ್ಲವೆ? ನಂಜನಗೂಡಿನ ಹಕೀಂ ನಂಜುಂಡನಿಗೆ ಹರಕೆ ಹೊರಲಿ, ಬೇಡವೆನ್ನೆನು. ಸೆರಗಿನಡಿ ಗಂಟು ಮುಚ್ಚಿಡುವುದನ್ನು ಮಾತ್ರ ಒಪ್ಪಲಾರೆ. 30 ವರ್ಷ ದಾಟಿದ ಸ್ತ್ರೀಯರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ತಪಾಸಣೆಯ ಯೋಜನೆಯಿದೆ. ಓದುಬಾರದ ತಾಯಂದಿರೊಡನೆ ಅಲ್ಲಿಗೆ ಹೋಗಲು ಮಕ್ಕಳಾದ ನಮಗೆ ನಾಚಿಕೆಯೇಕೆ?