ಮರೆವಿನ ಲೆಕ್ಕ ಇಡುವವರು ಯಾರು?

'ಅರವತ್ತಕ್ಕೆ ಅರಳು ಮರಳು' ಅನ್ನುವ ಮಾತು ನಮ್ಮ ಬಾಯಲ್ಲಿ ಸಲೀಸಾಗಿ ಬಂದುಬಿಡುತ್ತದೆ. ಮನೆಯ ಹಿರಿಯರು ಒಂದೇ ಪ್ರಶ್ನೆಯನ್ನು ನಾಲ್ಕು ಸಲ ಕೇಳಿದರೂ, ನಡೆದು ಹೋದ ದಾರಿಯಲ್ಲೇ ಮನೆ ಹುಡುಕಾಡಿದರೂ ನಾವು 'ವಯಸ್ಸಾಯ್ತಲ್ವಾ' ಅಂದು ಸುಮ್ಮನಾಗುತ್ತೇವೆ. ಆದರೆ ಎಲ್ಲ ಮರೆವೂ ವಯಸ್ಸಿನ ಮರೆವಲ್ಲ. ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಎಂಬ ಮರೆವಿನ ಕಾಯಿಲೆ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜಿಸಿದೆ. ಹೆಂಗಸರಲ್ಲಿ, ಹಳ್ಳಿಗಳಲ್ಲಿ, ಶಾಲೆಯ ಮುಖ ಕಾಣದವರಲ್ಲಿ ಇದರ ಪ್ರಮಾಣ ಹೆಚ್ಚು.

ಇದರಲ್ಲಿ ತಡೆಯಬಹುದಾದ ಪಾಲು ಸಣ್ಣದೇನಲ್ಲ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ನೇಮಿಸಿದ ತಜ್ಞರ ಆಯೋಗ 2024ರಲ್ಲಿ 14 ಕಾರಣಗಳನ್ನು ಪಟ್ಟಿ ಮಾಡಿತು. ಕಡಿಮೆ ಶಿಕ್ಷಣ, ಕಿವುಡು, ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನ, ಒಂಟಿತನ, ಕೆಟ್ಟ ಗಾಳಿ ಎಲ್ಲವೂ ಅದರಲ್ಲಿವೆ. ಇವನ್ನೆಲ್ಲ ಸರಿಪಡಿಸಿದರೆ ಸುಮಾರು ಶೇ. 45ರಷ್ಟು ಪ್ರಕರಣಗಳನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯ ಎನ್ನುವುದು ಆಯೋಗದ ಲೆಕ್ಕ.

ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ಕಲಬುರಗಿ ಜಿಲ್ಲೆಯ ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆ ನೋಡಬೇಕು. ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯದ ಹೆಸರು ನಮ್ಮ ಕರಾವಳಿಯಲ್ಲಿ ಕೇಳಿದವರು ಕಡಿಮೆ. ಆದರೆ ಮನೆಯ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಗೊತ್ತು, ವಾಡಿ ಮತ್ತು ಸೇಡಂನ ಸಿಮೆಂಟೂ ಗೊತ್ತು. ಕಲ್ಲು ಗಣಿ, ಕಲ್ಲು ಕೊಯ್ಯುವ ಯಂತ್ರ, ಸಿಮೆಂಟ್ ಕಾರ್ಖಾನೆ ಇರುವಲ್ಲಿ ದೂಳೂ ಇದೆ, ಕಿವಿ ಕೆಡಿಸುವ ಸದ್ದೂ ಇದೆ. ಮಕ್ಕಳಲ್ಲಿ ಅನೇಕರು ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗುತ್ತಾರೆ, ಮನೆಯಲ್ಲಿ ಉಳಿಯುವುದು ಮುದುಕರು. ತಂದೆಯ ಮಾತು ಜಾರುತ್ತಿದೆ, ತಾಯಿ ಒಲೆ ಆರಿಸಲು ಮರೆಯುತ್ತಿದ್ದಾಳೆ ಎಂದು ಗಮನಿಸಬೇಕಾದವರೇ ಊರಲ್ಲಿಲ್ಲ.

ಇಂಥ ಕಡೆ ಏನು ಮಾಡಬಹುದು ಎನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 2018ರಿಂದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳಲ್ಲಿ ದೊಡ್ಡ ಅಧ್ಯಯನ ನಡೆಸುತ್ತಿದೆ. 45 ದಾಟಿದ ಸುಮಾರು 10,000 ಜನರನ್ನು ವರ್ಷಗಟ್ಟಲೆ ಗಮನಿಸುತ್ತಾ ಹೋಗುವುದು ಅದರ ಗುರಿ. ಕಾಯಿಲೆ ಬಂದ ಮೇಲಲ್ಲ, ಬರುವ ಮೊದಲೇ ರಕ್ತ, ನೆನಪಿನ ಶಕ್ತಿ, ಮಿದುಳಿನ ಸ್ಕ್ಯಾನ್ ಎಲ್ಲ ದಾಖಲಿಸುತ್ತಾರೆ. ಇನ್ನೊಂದು ಕಡೆ ನಿಮ್ಹಾನ್ಸ್ ಮತ್ತು ರಾಜ್ಯ ಸರಕಾರ ಸೇರಿ 2022ರಲ್ಲಿ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮ ಆರಂಭಿಸಿದವು. ಪಾರ್ಶ್ವವಾಯು, ಮೂರ್ಛೆ, ತಲೆನೋವು, ಡಿಮೆನ್ಶಿಯಾ ಗುರುತಿಸಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಡುವುದು ಅದರ ತಿರುಳು. ಮೊದಲು ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನಲ್ಲಿ ನಡೆದ ಪ್ರಯೋಗವನ್ನು ಆಮೇಲೆ ಜಿಲ್ಲಾ ಆಸ್ಪತ್ರೆಗಳಿಗೆ ವಿಸ್ತರಿಸಲಾಯಿತು.

ಒಳ್ಳೆಯದೇ. ಆದರೆ ಜಿಲ್ಲಾ ಆಸ್ಪತ್ರೆಯಲ್ಲಿ ಕ್ಲಿನಿಕ್ ಬಾಗಿಲು ತೆರೆದ ಮಾತ್ರಕ್ಕೆ ಚಿಂಚೋಳಿಯ ತಾಂಡಾದ ಅಜ್ಜಿ ಒಂದು ದಿನದ ಕೂಲಿ ಬಿಟ್ಟು ಕಲಬುರಗಿಗೆ ಬರುತ್ತಾಳೆಯೇ? ಬಂದರೂ ಅವಳನ್ನು ಯಾವ ಭಾಷೆಯಲ್ಲಿ ಪರೀಕ್ಷಿಸುತ್ತಾರೆ? ಆ ಭಾಗದಲ್ಲಿ ಕನ್ನಡದ ಜೊತೆಗೆ ದಖನಿ ಉರ್ದು, ತೆಲುಗು, ಲಂಬಾಣಿ ಎಲ್ಲ ಮನೆಮಾತು. ಪೆನ್ನು ಹಿಡಿಯದ ಕೈಗೆ ಗಡಿಯಾರದ ಚಿತ್ರ ಬರೆಯಲು ಹೇಳಿದರೆ, ಬಾರದ್ದನ್ನೇ ರೋಗ ಎಂದು ಬರೆದುಕೊಳ್ಳುವ ಅಪಾಯವಿದೆ. 1990ರ ದಶಕದಲ್ಲಿ ಹರಿಯಾಣದ ಬಲ್ಲಬ್‌ಗಢದಲ್ಲಿ ಸಂಶೋಧಕರು ಇದೇ ಕಷ್ಟ ಎದುರಿಸಿ, ಓದು ಬರಹ ಬಾರದ ಹಿಂದಿ ಭಾಷಿಕರಿಗೆಂದೇ ಬೇರೆ ಪರೀಕ್ಷೆ ರೂಪಿಸಬೇಕಾಯಿತು.

ಸಹಭಾಗಿತ್ವ ಅನ್ನುವುದು ಇಲ್ಲಿಂದ ಶುರುವಾಗಬೇಕು. ಜನರನ್ನು ಬರೀ ರಕ್ತದ ಮಾದರಿ ಕೊಡುವವರಾಗಿ ನೋಡಿದರೆ ಎರಡನೇ ವರ್ಷ ಯಾರೂ ಬಾಗಿಲು ತೆರೆಯುವುದಿಲ್ಲ. ಪ್ರಶ್ನೆ ರೂಪಿಸುವಾಗಲೇ ಆಶಾ ಕಾರ್ಯಕರ್ತೆ, ಕಾರ್ಮಿಕ ಸಂಘ, ಮಠ, ದರ್ಗಾ, ಮಸೀದಿ ಸಮಿತಿಗಳನ್ನು ಕೂರಿಸಿಕೊಂಡು ಕೇಳಬೇಕು. ಒಪ್ಪಿಗೆ ಪತ್ರವನ್ನು ಓದಿ ಅರ್ಥವಾಗುವಂತೆ ಹೇಳಬೇಕು. ಬಿಪಿ, ಸಕ್ಕರೆ ಹೆಚ್ಚಿರುವುದು ಕಂಡರೆ ಆ ಮನೆಗೆ ತಿಳಿಸಿ ಮದ್ದು ಸಿಗುವಂತೆ ಮಾಡಬೇಕು. ಕೊಟ್ಟದ್ದಕ್ಕೆ ಪ್ರತಿಯಾಗಿ ಏನಾದರೂ ವಾಪಸು ಬಂದಾಗಲೇ ನಂಬಿಕೆ ಉಳಿಯುತ್ತದೆ.

'ಅಲ್ಲಿಯ ಸಂಗತಿ ನಮಗ್ಯಾಕೆ' ಅಂತ ನಾವು ಕೇಳುವಂತಿಲ್ಲ. ಅವರ ಮಕ್ಕಳು ಮುಂಬೈಯಲ್ಲಿದ್ದರೆ ನಮ್ಮವರು ದುಬೈ, ದಮ್ಮಾಮಿನಲ್ಲಿದ್ದಾರೆ. ಫೋನಿನಲ್ಲಿ 'ಉಮ್ಮ, ಹೇಗಿದ್ದೀರಿ' ಅಂದರೆ 'ಆರಾಮ ಇದ್ದೇನೆ ಮಗಾ' ಅನ್ನುವ ಉತ್ತರ ಬರುತ್ತದೆ. ಆ ಎರಡು ನಿಮಿಷದಲ್ಲಿ ಮರೆವು ಕಾಣಿಸುವುದಿಲ್ಲ. ಮಂಗಳೂರಿನಲ್ಲಿ ಮೆಡಿಕಲ್ ಕಾಲೇಜುಗಳಿವೆ, ಸ್ಕ್ಯಾನ್ ಯಂತ್ರಗಳಿವೆ. ಆದರೆ ಬ್ಯಾರಿ ಬಿಟ್ಟರೆ ಬೇರೆ ಭಾಷೆಯಲ್ಲಿ ಮನಸ್ಸು ಬಿಚ್ಚದ ನಮ್ಮ ಮುದುಕಿಯರ ನೆನಪನ್ನು ಕನ್ನಡ, ಇಂಗ್ಲಿಷಿನಲ್ಲಿ ಅಳೆದರೆ ಸರಿಯಾದ ಲೆಕ್ಕ ಸಿಕ್ಕೀತೇ? ಬ್ಯಾರಿ ಸಾಹಿತ್ಯ ಅಕಾಡೆಮಿ ಮತ್ತು ವೈದ್ಯರು ಒಂದೇ ಮೇಜಿನಲ್ಲಿ ಕೂತು ಮಾಡಬಹುದಾದ ಕೆಲಸ ಇದು.

ಸಂಶೋಧಕರು ಬರುವವರೆಗೆ ಕಾಯಬೇಕಿಲ್ಲ. ಜಮಾಅತ್‌ಗಳು ನಡೆಸುವ ಆರೋಗ್ಯ ಶಿಬಿರದಲ್ಲಿ ಬಿಪಿ, ಸಕ್ಕರೆಯ ಜೊತೆ ಕಿವಿ, ಕಣ್ಣಿನ ಪರೀಕ್ಷೆಯನ್ನೂ ಸೇರಿಸಬಹುದು. ಹೆಂಗಸರಿಗೆ ಬೇರೆ ಸಮಯ, ಬೇರೆ ಜಾಗ ಇಟ್ಟರೆ ಅವರೂ ಬರುತ್ತಾರೆ. ಮರೆವು ಹೆಚ್ಚಿತೆಂದರೆ ಡಿಮೆನ್ಶಿಯಾವೇ ಆಗಬೇಕೆಂದಿಲ್ಲ. ಥೈರಾಯ್ಡ್ ತೊಂದರೆ, ವಿಟಮಿನ್ ಬಿ12 ಕೊರತೆ, ಖಿನ್ನತೆಯಿಂದಲೂ ಮರೆವು ಬರುತ್ತದೆ, ಅವಕ್ಕೆ ಮದ್ದಿದೆ. ಆರೈಕೆ ಮಾಡಿ ಸೋತ ಸೊಸೆ, ಮಗಳಿಗೆ ಮಾತಾಡಲು ಯಾರೂ ಇಲ್ಲದಿದ್ದರೆ ಸರಕಾರದ ಟೆಲಿ ಮನಸ್ ಸಹಾಯವಾಣಿ 14416 ಇದೆ, ಕರೆ ಉಚಿತ.

ಮಿದುಳಿನ ಆರೋಗ್ಯವನ್ನು ಬೆಂಗಳೂರಿನ ದೊಡ್ಡ ಸಂಸ್ಥೆಗಳಿಗೆ ಮಾತ್ರ ಬಿಟ್ಟರೆ ಚಂದ್ರಂಪಳ್ಳಿಯ ಹಿರಿಯರಾಗಲಿ ನಮ್ಮ ಮನೆಯ ಹಿರಿಯರಾಗಲಿ ಆ ಲೆಕ್ಕದಲ್ಲಿ ಬರುವುದಿಲ್ಲ. ಈ ಸಲ ರಜೆಗೆ ಊರಿಗೆ ಬಂದವರು ಉಡುಗೊರೆಯ ಪೆಟ್ಟಿಗೆ ಬಿಚ್ಚಿದ ಮೇಲೆ ತಂದೆ ತಾಯಿಯ ಹತ್ತಿರ ಒಂದು ಗಂಟೆ ಕೂತು ಮಾತಾಡಿ. ಏನಾದರೂ ವ್ಯತ್ಯಾಸ ಕಂಡರೆ ವಿಮಾನ ಹತ್ತುವ ಮೊದಲು ಡಾಕ್ಟರಿಗೆ ತೋರಿಸಿ.