ಆಟದೊಳಗಿನ ಶಕುನಿಗಳು

ಸೋದರಿಯರೇ, ಈ ಸಲ ಹುಕ್ಕೇರಿ ಕಡೆಯ ಒಬ್ಬ ತಾಯಿಯ ಪತ್ರ ಬಂದಿದೆ. ಮಗ ಪಿ.ಯು.ಸಿ. ಮೊದಲ ವರ್ಷ. ಮೊಬೈಲಿನಲ್ಲಿ ಬಂದೂಕಿನ ಆಟ ಆಡುತ್ತಾನೆ. ಅವರ ದೂರು ಅದಲ್ಲ. “ಅವ್ವಾ, ಎದುರಿನವ್ರೆಲ್ಲಾ ಹ್ಯಾಕ್ ಹಾಕ್ಕೊಂಡು ಆಡಾಕತ್ತಾರ. 300 ರೂಪಾಯಿ ಕೊಡು, ನಾನೂ ಹಾಕ್ಕೋತೀನಿ” ಎಂದು ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲವಂತೆ. ಕೊಡಲೋ ಬೇಡವೋ ಎಂದು ಕೇಳಿದ್ದಾರೆ.

ಕೊಡಬೇಡಿ. ಆದರೆ ಬರೀ “ಬ್ಯಾಡ” ಅಂದರೆ ಈ ವಯಸ್ಸಿನ ಹುಡುಗರು ಕೇಳುವುದಿಲ್ಲ. ನಾನು ಮೈದುನನ ಮಗನ ಪಕ್ಕ ಕೂತು ನೋಡಿ, ಕೇಳಿ ತಿಳಿದದ್ದನ್ನು ಬರೆಯುತ್ತೇನೆ.

ಈ ಆಟಕ್ಕೆ ಮೊದಲು ಪಬ್‌ಜಿ ಅನ್ನುತ್ತಿದ್ದರು. 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಮರುವರ್ಷ ಜುಲೈಯಲ್ಲಿ ದಕ್ಷಿಣ ಕೊರಿಯದ ಕ್ರಾಫ್ಟನ್ ಕಂಪನಿ ಬಿ.ಜಿ.ಎಂ.ಐ. ಎಂಬ ಹೆಸರಿನಲ್ಲಿ ತಂದಿತು. 2022ರಲ್ಲಿ ಅದನ್ನೂ ತಡೆದು, 2023ರ ಮೇ ತಿಂಗಳಲ್ಲಿ ಮತ್ತೆ ಬಿಟ್ಟರು. ನೂರು ಜನರವರೆಗೆ ವಿಮಾನದಿಂದ ಒಂದು ದ್ವೀಪಕ್ಕೆ ಜಿಗಿಯುತ್ತಾರೆ. ಹುಡುಕಿ ಬಂದೂಕು ತಗೊಂಡು ಒಬ್ಬರನ್ನೊಬ್ಬರು ಹೊಡೆಯುತ್ತಾ ಹೋಗಿ, ಕಡೆಗೆ ಉಳಿದವರೇ ಗೆದ್ದವರು.

ಇದರಲ್ಲಿ ಮೋಸ ಹೇಗೆ? ಎದುರಾಳಿ ಎಲ್ಲಿದ್ದಾನೆಂಬ ಲೆಕ್ಕ ನಮ್ಮ ಫೋನಿಗೆ ಬರುತ್ತಲೇ ಇರುತ್ತದೆ. ಬಾರದಿದ್ದರೆ ಅವನು ಗೋಡೆಯ ಮರೆಯಿಂದ ಹೊರಬಂದ ಕ್ಷಣಕ್ಕೆ ಪರದೆಯ ಮೇಲೆ ಕಾಣುವುದಾದರೂ ಹೇಗೆ? ಮೋಸದ ಪ್ರೋಗ್ರಾಮು ಈ ಲೆಕ್ಕವನ್ನು ಕದ್ದು ಓದಿ, ಗೋಡೆಯಾಚೆ ಇರುವವನನ್ನೂ ಗೆರೆ ಎಳೆದು ತೋರಿಸಿಬಿಡುತ್ತದೆ. ಇದು ವಾಲ್‌ಹ್ಯಾಕ್. ಗುರಿಯನ್ನು ತಾನೇ ಹಿಡಿದುಕೊಡುವುದು ಏಮ್‌ಬಾಟ್. ಶಕುನಿಯ ದಾಳ ಕೇಳಿದ ಲೆಕ್ಕಕ್ಕೇ ಬೀಳುತ್ತಿತ್ತಲ್ಲ, ಹಾಗೆ.

ಗುರುತಿಸಲು ಉಪಾಯವಿದೆ. ನಮ್ಮ ಹುಡುಗ ಸತ್ತ ಮೇಲೆ ಹೊಡೆದವನ ಆಟವನ್ನು ಅವನ ಕಣ್ಣಿನಿಂದಲೇ ನೋಡಬಹುದು. ಸಿಟ್ಟಿನಲ್ಲಿ ಫೋನು ಬಿಸಾಡದೆ ನೋಡಬೇಕು, ಅಷ್ಟೆ. ಅವನ ಗುರಿ ಗೋಡೆಯ ಹಿಂದೆ ನಡೆಯುವವನನ್ನು ಹಿಂಬಾಲಿಸುತ್ತಿದೆಯೇ? ಒಬ್ಬನ ತಲೆಯಿಂದ ಇನ್ನೊಬ್ಬನ ತಲೆಗೆ ಟಕ್ಕನೆ, ನಡುವೆ ಒಂದಿಷ್ಟೂ ಅಲುಗದೆ ಹಾರುತ್ತದೆಯೇ? ಯಾರೂ ಕಾಣದ ಪೊದೆಯ ಕಡೆಗೇ ನೇರ ಓಡುತ್ತಾನೆಯೇ? ಇಂಥದ್ದು ಮೂರು ನಾಲ್ಕು ಸಲ ಕಂಡರೆ ಅನುಮಾನ ಪಡಬಹುದು.

ಒಂದೇ ಸಲಕ್ಕೆ ಮಾತ್ರ ಹೇಳಬೇಡಿ. ಒಂದು ತುಣುಕು ಮೆತ್ತಗಿತ್ತು ಅಂತ ಇಡೀ ಡಬ್ಬಿ ಕರದಂಟನ್ನೇ ನಕಲಿ ಅಂದಹಾಗೆ ಆಗುತ್ತದೆ. ಹೆಡ್‌ಫೋನ್ ಹಾಕಿಕೊಂಡ ಚುರುಕಿನ ಹುಡುಗ ಬರೀ ಹೆಜ್ಜೆಯ ಸಪ್ಪಳದಿಂದಲೇ ಗೋಡೆ ಹಿಂದಿನವನನ್ನು ಕಂಡುಹಿಡಿಯುತ್ತಾನೆ. ನೆಟ್‌ವರ್ಕ್ ಕುಂಟಿದರೂ ಅಷ್ಟೆ. ಎದುರಿನವ ಜಿಗಿಜಿಗಿದು ಹೋದಂತೆ, ಗೋಡೆಯ ಮರೆಗೆ ಬಂದ ಮೇಲೂ ಗುಂಡು ಬಿದ್ದಂತೆ ಕಾಣುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ನೆಟ್‌ವರ್ಕಿನ ಪಾಡು ನಿಮಗೇ ಗೊತ್ತು. ಸೋತವನಿಗೆ ಗೆದ್ದವನೆಲ್ಲಾ ಮೋಸಗಾರನೇ. ನನ್ನ ಅಂದಾಜಿನಲ್ಲಿ ಹುಡುಗರ ದೂರಿನಲ್ಲಿ ಅರ್ಧ ಇದೇ.

ಮೋಸ ಖಂಡಿತ ಅನ್ನಿಸಿದರೆ ಆಟದಲ್ಲೇ ರಿಪೋರ್ಟ್ ಗುಂಡಿ ಇದೆ. ಕಾರಣ ಆರಿಸಿ ಒತ್ತಿದರಾಯಿತು. ಮೈಕಿನಲ್ಲಿ ಬೈಯುವುದು ಬೇಡ, ಅವನಿಗೆ ಬೇಕಾದದ್ದೂ ಅದೇ. ಅವನು ನಮ್ಮ ತಂಡದಲ್ಲೇ ಇದ್ದು ಗೆಲ್ಲಿಸಿಕೊಡುತ್ತಿದ್ದರೂ ಅವನ ಜೋಡಿ ಮುಂದೆ ಆಡಬಾರದು. ಇದು ಹುಡುಗರಿಗೆ ಎಲ್ಲಕ್ಕಿಂತ ಕಷ್ಟ.

ಜೊತೆಗಾರನಿಂದ ಎಷ್ಟು ಹಾನಿ ಅನ್ನುವುದಕ್ಕೆ ಒಂದು ನಡೆದ ಸಂಗತಿ. 2018ರ ಅಕ್ಟೋಬರಿನಲ್ಲಿ ಚೀನಾದ ಶಾಂಘೈಯಲ್ಲಿ ಕೌಂಟರ್ ಸ್ಟ್ರೈಕ್ ಎಂಬ ಇಂಥದೇ ಆಟದ ದೊಡ್ಡ ಪಂದ್ಯ. ನಮ್ಮ ದೇಶದ ಐವರ ತಂಡ ಹೋಗಿತ್ತು. ಆಟದ ನಡುವೆಯೇ ಅಧಿಕಾರಿಗಳು ಒಬ್ಬ ಆಟಗಾರನ ಕಂಪ್ಯೂಟರ್ ತಪಾಸಿಸಿದರು. ಗುರಿ ಹಿಡಿದುಕೊಡುವ ಪ್ರೋಗ್ರಾಮು ಸಿಕ್ಕಿತು. ಕಚೇರಿ ಕಾಗದ ಬರೆಯುವ ಸಾಧನದಂತೆ ಕಾಣಲೆಂದು ಅದಕ್ಕೆ ‘ವರ್ಡ್’ ಎಂದು ಹೆಸರಿಟ್ಟಿದ್ದ! ಅವನಿಗೆ ಐದು ವರ್ಷ ನಿಷೇಧ ಬಿತ್ತು. ಆದರೆ ತಂಡವನ್ನೇ ಹೊರಹಾಕಿದರು, ಸ್ವಲ್ಪ ದಿನದಲ್ಲಿ ತಂಡವೂ ಮುಚ್ಚಿತು. ಉಳಿದ ನಾಲ್ವರು ಮನೆಯಲ್ಲಿ ಏನೆಂದು ಹೇಳಿರಬೇಕು?

ಇನ್ನು ಆ 300 ರೂಪಾಯಿ. ಮಾರುವವನು ಟೆಲಿಗ್ರಾಮಿನಲ್ಲಿರುವ ಮುಖ ಕಾಣದ ಮನುಷ್ಯ. ಅವನು ಕಳಿಸುವುದು ಪ್ಲೇ ಸ್ಟೋರಿನ ಹೊರಗಿನ ಫೈಲು. ಹಾಕಿಕೊಳ್ಳುವಾಗ ಅದಕ್ಕೂ ಇದಕ್ಕೂ ಅನುಮತಿ ಕೇಳುತ್ತದೆ, ಹುಡುಗ ಓದದೆ ಎಲ್ಲಕ್ಕೂ ಹ್ಞೂಂ ಅನ್ನುತ್ತಾನೆ. ಮೆಸೇಜು ಓದುವ ಅನುಮತಿ ಸಿಕ್ಕಿತೆಂದರೆ ಬ್ಯಾಂಕಿನ ಓ.ಟಿ.ಪಿ.ಯೂ ಅವನಿಗೆ ಸಿಕ್ಕಂತೆ. ಬಹಳ ಮನೆಗಳಲ್ಲಿ ಹುಡುಗ ಆಡುವುದು ಅಪ್ಪನ ಫೋನಿನಲ್ಲಿ, ಸಂಬಳ, ಹಾಲಿನ ಬಿಲ್ಲು, ಚೀಟಿ ದುಡ್ಡು ಎಲ್ಲಾ ಓಡಾಡುವ ಫೋನಿನಲ್ಲಿ. ಹಣ ಹೋದದ್ದು ತಿಳಿದ ಕೂಡಲೇ 1930ಕ್ಕೆ ಫೋನು ಮಾಡಿರಿ, ತಡ ಮಾಡಿದಷ್ಟು ಹಣ ಮುಂದೆ ಸಾಗಿಬಿಡುತ್ತದೆ. ಇತ್ತ ಕಂಪನಿ ಮೋಸ ಹಿಡಿದರೆ ಖಾತೆ ರದ್ದು. 2021ರ ಡಿಸೆಂಬರಿನಿಂದ ಫೋನನ್ನೇ ಆಟದಿಂದ ಹೊರಗಿಡುವ ಕ್ರಮವನ್ನೂ ತಂದಿದ್ದಾರೆ. ಆಮೇಲೆ ಹೊಸ ಖಾತೆ ತೆರೆದರೂ ಆ ಫೋನಿನಲ್ಲಿ ಆಟವಿಲ್ಲ.

ಇನ್ನೊಂದು ಮಾತು. 18 ತುಂಬದವರಿಗೆ ಈ ಆಟದಲ್ಲಿ ದಿನಕ್ಕೆ 3 ತಾಸಿನ ಮಿತಿಯಿದೆ. ಹಿರಿಯರ ಒಪ್ಪಿಗೆಯೂ ಬೇಕು. ವಯಸ್ಸು ಹೆಚ್ಚು ಬರೆದು ಒಳಗೆ ಹೋದ ಹುಡುಗನೇ ಮೋಸಗಾರರ ಮೇಲೆ ದೂರುವುದು ನೋಡಿದರೆ ನನಗೆ ನಗು ಬರುತ್ತದೆ. ಪತ್ರ ಬರೆದ ಸೋದರಿಯವರು ಮಗನ ವಯಸ್ಸು ಅಲ್ಲಿ ಎಷ್ಟೆಂದು ಇದೆ, ಒಮ್ಮೆ ನೋಡಲಿ. ಆಮೇಲೆ ಅವನಿಗೆ ಬಿಸಿ ರೊಟ್ಟಿ ಬಡಿಸಿ, ಪಕ್ಕದಲ್ಲಿ ಕೂತು, “ನಿನ್ನ ಹೊಡೆದಾಂವನ ಆಟ ತೋರಸಪಾ, ನಾನೂ ನೋಡ್ತೀನಿ” ಅನ್ನಲಿ.