ಭೀಮಗಡ: ಊರವರು ಹೊರಗೆ, ನಾವು ಒಳಗೆ?

ಮಳೆಗಾಲ ಶುರುವಾದ್ರೆ ಸಾಕು, ಬೆಳಗಾವಿ ಕ್ಯಾಂಪ್ ದಾಟಿ ಜಾಂಬೋಟಿ ರಸ್ತೆ ಹಿಡಿಯುವ ಬೈಕುಗಳಿಗೆ ಲೆಕ್ಕವಿಲ್ಲ. ಚಿಕಲೆ, ವಜ್ರಪೋಹಾ, ಚೋರ್ಲಾ ಘಾಟ್, ಆಮೇಲೆ ರೀಲ್ಸ್. ಅದೇ ಖಾನಾಪುರ ತಾಲೂಕಿನ ಆಮಗಾಂವದಲ್ಲಿ 2024ರ ಜುಲೈನಲ್ಲಿ ಎದೆನೋವು ಬಂದ ಮಹಿಳೆಯೊಬ್ಬರನ್ನು ಊರವರು ಡೋಲಿ ಕಟ್ಟಿ, ಕಾಡುದಾರಿಯಲ್ಲಿ ಕಿಲೋಮೀಟರುಗಟ್ಟಲೆ ಹೆಗಲ ಮೇಲೆ ಹೊತ್ತು ತಂದರು. ಆ ಊರಿಗೆ ಸರಿಯಾದ ರಸ್ತೆಯಿಲ್ಲ.

ಸರ್ಕಾರದ ಉತ್ತರ: ಊರನ್ನೇ ಹೊರಗೆ ತರೋಣ. 2025ರಲ್ಲಿ ತಳೇವಾಡಿಯ 27 ಕುಟುಂಬಗಳಿಗೆ ಮೊದಲ ಕಂತಾಗಿ ತಲಾ 10 ಲಕ್ಷ ರೂಪಾಯಿ ಕೊಟ್ಟಿತು. ಒಟ್ಟು ಪರಿಹಾರ 15 ಲಕ್ಷ. ಇದಕ್ಕೆ 'ಸ್ವಯಂಪ್ರೇರಿತ ಸ್ಥಳಾಂತರ' ಎಂದು ಹೆಸರು. ರಸ್ತೆ ಇಲ್ಲ, ಆಸ್ಪತ್ರೆ ಇಲ್ಲ, ಕೈಯಲ್ಲೊಂದು ಚೆಕ್ಕು. ಇದರಲ್ಲಿ ಸ್ವಯಂ ಎಷ್ಟು, ಪ್ರೇರಣೆ ಎಷ್ಟು?

ಹಾಗಂತ ಕಾಡಿನ ಪರ ವಾದ ಪೊಳ್ಳಲ್ಲ. ಭೀಮಗಡ 2011ರಲ್ಲಿ ವನ್ಯಜೀವಿಧಾಮವಾಯಿತು, ಸುಮಾರು 190 ಚದರ ಕಿಲೋಮೀಟರು. ಮಹದಾಯಿ ಹುಟ್ಟುವುದು ಈ ಸೀಮೆಯಲ್ಲೇ. ಮಲಪ್ರಭೆ ಹುಟ್ಟುವ ಕಣಕುಂಬಿಯೂ ಪಕ್ಕದಲ್ಲೇ. ಇಲ್ಲಿನ ಬಾರಾಪೆಡೆ ಗುಹೆಗಳಲ್ಲಿ ರಾಟನ್ ಬಾವಲಿ ಅಂತ ಒಂದಿದೆ. 1913ರಲ್ಲಿ ವಿಜ್ಞಾನಿಗಳು ಅದನ್ನು ಮೊದಲು ವರ್ಣಿಸಿದ್ದು ಈ ಗುಹೆಯ ಮಾದರಿಗಳಿಂದಲೇ. ಮುಂದೆ ಹತ್ತಿರ ಹತ್ತಿರ 90 ವರ್ಷ ಜಗತ್ತಿನಲ್ಲಿ ಬೇರೆಲ್ಲೂ ಅದು ಸಿಕ್ಕಿರಲಿಲ್ಲ. ಆಮೇಲೆ ಮೇಘಾಲಯ, ಕಾಂಬೋಡಿಯಾಗಳಲ್ಲಿ ಕಂಡಿತು, ಅದೂ ಬೆರಳೆಣಿಕೆಯಷ್ಟು. ಹುಲಿಗೆ ಇರುವ ಕಾನೂನು ರಕ್ಷಣೆಯೇ ಇದಕ್ಕೂ ಇದೆ. ಟಿ-ಶರ್ಟ್ ಮೇಲೆ ಮಾತ್ರ ಯಾರೂ ಹಾಕಿಕೊಳ್ಳಲ್ಲ. ಗುಹೆಯಲ್ಲಿ ಗುಂಪಾಗಿ ಬದುಕುವ ಜೀವಿಗೆ ಒಂದು ಟಾರ್ಚು, ಹತ್ತು ಜನರ ಕೂಗಾಟ ಸಾಕು, ಜಾಗ ಬಿಡುತ್ತದೆ. ಬಿಟ್ಟರೆ ಹೋಗೋದೆಲ್ಲಿಗೆ?

ಇನ್ನು ಮರ. ಸುಪ್ರೀಂ ಕೋರ್ಟಿನ 2000ರ ಆದೇಶದ ಪ್ರಕಾರ ಅಭಯಾರಣ್ಯದಲ್ಲಿ ಸತ್ತು ಬಿದ್ದ ಮರವನ್ನೂ ಸಾಗಿಸುವಂತಿಲ್ಲ. ಸರಿ. ಆದರೆ ಗಡಿಯಾಚೆ ಏನಿದೆ ನೋಡಿ: ತೇಗದ ನೆಡುತೋಪು, ಅಕೇಶಿಯಾದ ಸಾಲು. ಇವೂ ಇಲಾಖೆಯ ಲೆಕ್ಕದಲ್ಲಿ 'ಕಾಡು'. ಅಕೇಶಿಯಾದ ಕೆಳಗೆ ಹುಲ್ಲೂ ಸರಿಯಾಗಿ ಬೆಳೆಯಲ್ಲ, ಕಾಡೆಮ್ಮೆ ಮೇಯೋದೇನು? ಟಿಂಬರ್ ಬೇಕೆಂದರೆ ಅದಕ್ಕೆ ಜಾಗ ಇದು. ಅಕೇಶಿಯಾವನ್ನು ಹಂತ ಹಂತವಾಗಿ ಕಡಿದು ಮಾರಿ, ಆ ಜಾಗದಲ್ಲಿ ನೇರಳೆ, ಮತ್ತಿ, ಹೊನ್ನೆ ನೆಡಲಿ. ಆ ಕೂಲಿ ಕಾಡಂಚಿನ ಊರಿನವರಿಗೇ ಸಿಗಲಿ.

ಎಂಜಿನಿಯರಿಂಗ್ ಓದುವಾಗ ಆಪ್ಟಿಮೈಸೇಶನ್ ಅಂತ ಒಂದು ಪೇಪರ್ ಇತ್ತು. ಅದರಲ್ಲಿ ಮೊದಲು ಕೇಳುವ ಪ್ರಶ್ನೆ ಯಾವುದು ಮುಖ್ಯ ಅಂತಲ್ಲ, ಯಾವುದನ್ನು ಮೀರುವಂತೆಯೇ ಇಲ್ಲ ಅಂತ. ಇಲ್ಲಿ ಮೀರಬಾರದ್ದು ಎರಡು: ಗುಹೆ ಮತ್ತು ಜನರ ಹಕ್ಕು. ನಮ್ಮ ವೀಕೆಂಡ್ ಆ ಪಟ್ಟಿಯಲ್ಲಿ ಬರಲ್ಲ. ಆದರೆ ನಡೆಯುತ್ತಿರೋದು ಉಲ್ಟಾ. ಊರವರನ್ನು ಕಾಡಿಗೆ ಹೊರೆ ಅಂತೀವಿ, ಹೆಮ್ಮಡಗಾದ ನೇಚರ್ ಕ್ಯಾಂಪಿನಲ್ಲಿ ರಾತ್ರಿ ಕಳೆಯೋದನ್ನು 'ಪರಿಸರ ಪ್ರವಾಸೋದ್ಯಮ' ಅಂತೀವಿ.

2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ನೂಕುನುಗ್ಗಲಾದ ಮೇಲೆ ರಾಜ್ಯ ಸರ್ಕಾರ ಚಾರಣಕ್ಕೆ ಆನ್‌ಲೈನ್ ಬುಕಿಂಗ್, ದಿನಕ್ಕಿಷ್ಟೇ ಜನ ಅನ್ನೋ ಮಿತಿ ತಂದಿತು. ಅದೇ ನಿಯಮ ಖಾನಾಪುರದ ಜಲಪಾತಗಳಿಗೂ ಬರಲಿ. ಈಗಿರೋದು ಮಳೆ ಜೋರಾದಾಗ ಬ್ಯಾರಿಕೇಡ್ ಹಾಕಿ, ಸಿಕ್ಕವರನ್ನು ವಾಪಸ್ ಕಳಿಸೋ ಪದ್ಧತಿ. ಹಿಂದಿನ ದಾರಿಯಿಂದ ನುಗ್ಗೋದು ನಮ್ಮ ಹುಡುಗರಿಗೆ ಯಾರೂ ಕಲಿಸಬೇಕಿಲ್ಲ. ಬುಕಿಂಗಿನ ದುಡ್ಡಿನಲ್ಲಿ ಒಂದು ಪಾಲು ಆಯಾ ಗ್ರಾಮ ಪಂಚಾಯತಿಗೆ ಹೋಗಲಿ, ಗೈಡ್ ಕೆಲಸ ಅಲ್ಲಿನ ಹುಡುಗ ಹುಡುಗಿಯರಿಗೆ ಸಿಗಲಿ.

ಸ್ಥಳಾಂತರದ ವಿಷಯದಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆ ಸ್ಪಷ್ಟವಾಗಿದೆ: ಹಕ್ಕು ಗುರುತಿಸುವ ಪ್ರಕ್ರಿಯೆ ಮುಗಿಯುವವರೆಗೆ ಅರಣ್ಯವಾಸಿಗಳನ್ನು ಒಕ್ಕಲೆಬ್ಬಿಸುವಂತಿಲ್ಲ. ಹಾಗಾದರೆ ಮುಂದಿನ ಚೆಕ್ಕು ಬರೆಯುವ ಮುನ್ನ ಪ್ರತಿ ಊರಿನ ಹಕ್ಕು ಅರ್ಜಿಗಳ ಸ್ಥಿತಿಯನ್ನು ಇಲಾಖೆ ಗ್ರಾಮಸಭೆಯ ಮುಂದಿಡಲಿ. ಉಳಿಯುತ್ತೇವೆ ಅನ್ನುವ ಮನೆಗಳಿಗೆ ಮಳೆಗಾಲದ ನಾಲ್ಕು ತಿಂಗಳು ಒಬ್ಬ ನರ್ಸು, ಹಳ್ಳ ದಾಟೋಕೆ ಕಾಲುಸಂಕ, ಕರೆ ಹೋಗುವ ಒಂದು ಫೋನು ಕೊಡಲಿ. ಇದಕ್ಕೆ ಡಾಂಬರು ರಸ್ತೆಯೂ ಬೇಕಿಲ್ಲ, ಒಂದು ಮರವನ್ನೂ ಕಡಿಯಬೇಕಿಲ್ಲ.